ಪಿಪ್‌ಗೂ ಆಪ್ಟ್‌ಗೂ ಮಾತು ಬಿಟ್ಟು ಎಷ್ಟು ವರ್ಷವಾಯ್ತು?

ಕಳೆದ ನವೆಂಬರಿನಲ್ಲಿ ಪುಣೆಯ ನಮ್ಮ ಭಾಗದ ಕನ್ನಡ ಬಳಗದವರು ರಾಜ್ಯೋತ್ಸವಕ್ಕೆಂದು ಮಕ್ಕಳಿಗೆ ಸ್ಪರ್ಧೆ ಇಟ್ಟಿದ್ದರು. ಕಂಠಪಾಠ, ಪ್ರಬಂಧ, ಚಿತ್ರಕಲೆ ಎಲ್ಲ ಸೇರಿ 140 ಮಕ್ಕಳು. ‘ಪ್ರಮಾಣಪತ್ರದ ಕೆಲಸ ನಿಮ್ಮದು, ನೀವು ಕಂಪ್ಯೂಟರ್ ಮಂದಿ’ ಎಂದು ನನ್ನ ಕೊರಳಿಗೆ ಕಟ್ಟಿದರು. ನನಗೂ ಖುಷಿಯೇ. ಪೈಥಾನ್‌ನಲ್ಲಿ ಮೂವತ್ತು ಸಾಲಿನ ಪ್ರೋಗ್ರಾಮ್ ಬರೆದೆ. ಚಿತ್ರದ ಮೇಲೆ ಅಕ್ಷರ ಮೂಡಿಸಲು ‘ಪಿಲ್ಲೋ’ ಎಂಬ ಮಾಡ್ಯೂಲ್, ಜೊತೆಗೆ ನೋಟೋ ಕನ್ನಡ ಫಾಂಟ್. ನನ್ನ ಲ್ಯಾಪ್‌ಟಾಪಿನಲ್ಲಿ ಮುತ್ತಿನಂಥ ಅಕ್ಷರ ಬಂತು. ಹೆತ್ತವರು ಮನೆಯಲ್ಲೇ ಕೂತು ಇಳಿಸಿಕೊಳ್ಳಲಿ ಎಂದು ಅದನ್ನು ಪುಟ್ಟದೊಂದು ಡೆಬಿಯನ್ ಕಂಟೈನರಿನಲ್ಲಿ ಕೂರಿಸಿ, ಬಾಡಿಗೆ ಸರ್ವರಿಗೆ ಏರಿಸಿ ಮಲಗಿದೆ.

ಬೆಳಿಗ್ಗೆ ಏಳಕ್ಕೇ ಬಳಗದ ಹುಡುಗಿಯ ಫೋನು: ‘ಅಣ್ಣಾರ, ಹುಡುಗರ ಹೆಸರೆಲ್ಲ ಮುರಕೊಂಡು ಬಿದ್ದಾವಲ್ರಿ!’

ನೋಡಿದರೆ ಹೌದು. ಮಲ್ಲಿಕಾರ್ಜುನ ಎಂಬ ಹುಡುಗ ‘ಮಲ್‌ಲಿಕಾರ್‌ಜುನ’ ಆಗಿದ್ದ. ಒತ್ತಕ್ಷರಗಳೆಲ್ಲ ಕಳಚಿಕೊಂಡು ಪಕ್ಕಕ್ಕೆ ಬಂದು ನಿಂತಿದ್ದವು. ಕನ್ನಡದ ಹಬ್ಬಕ್ಕೆ ಕೊಡುವ ಕಾಗದದಲ್ಲಿ ಕನ್ನಡವೇ ಕಾಲು ಮುರಿದುಕೊಂಡಿತ್ತು. ಪ್ರೋಗ್ರಾಮ್ ಅದೇ, ಫಾಂಟ್ ಅದೇ, ಪಿಲ್ಲೋ ಅದೇ ಆವೃತ್ತಿ. ಎಲ್ಲಿಯೂ ಒಂದು ಎಚ್ಚರಿಕೆಯ ಸಾಲಿಲ್ಲ. ಪಿಪ್ ‘ಯಶಸ್ವಿಯಾಗಿ ಸ್ಥಾಪಿಸಿದೆ’ ಎಂದು ಎದೆ ತಟ್ಟಿ ಹೇಳಿತ್ತು.

ಮೂರು ಗಂಟೆ ತಲೆ ಕೆರೆದುಕೊಂಡ ಮೇಲೆ ಕಾರಣ ಸಿಕ್ಕಿತು. ಕನ್ನಡದಂಥ ಲಿಪಿಯ ಅಕ್ಷರಗಳನ್ನು ಜೋಡಿಸಿ ಒತ್ತು ಕೊಡಲು ಪಿಲ್ಲೋ ‘ರಾಕ್ಮ್’ ಎಂಬ ಲೈಬ್ರರಿಯನ್ನು ಬಳಸುತ್ತದೆ. ಪಿಪ್ ತರುವ ಪಿಲ್ಲೋದ ಹೊಟ್ಟೆಯಲ್ಲಿ ರಾಕ್ಮ್ ಇರುತ್ತದೆ. ಆದರೆ ಆ ರಾಕ್ಮ್‌ಗೆ ‘ಫ್ರಿಬಿಡಿ’ ಎಂಬ ಇನ್ನೊಂದು ಲೈಬ್ರರಿ ಬೇಕು. ಅದನ್ನು ಓಡುವ ಹೊತ್ತಿನಲ್ಲಿ ಯಂತ್ರದಲ್ಲೇ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ ರಾಕ್ಮ್ ಕೆಲಸ ಮಾಡುವುದಿಲ್ಲ, ಪಿಲ್ಲೋ ಸದ್ದಿಲ್ಲದೆ ತನ್ನ ಸರಳ ವಿಧಾನಕ್ಕೆ ಇಳಿಯುತ್ತದೆ. ಆ ವಿಧಾನಕ್ಕೆ ಒತ್ತಕ್ಷರ ಎಂದರೇನೆಂದೇ ಗೊತ್ತಿಲ್ಲ. ಫ್ರಿಬಿಡಿ ಇರುವುದು ಅರೇಬಿಕ್, ಹೀಬ್ರೂಗಳಂತೆ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳಿಗಾಗಿ. ಅದಿಲ್ಲದಿದ್ದರೆ ಕನ್ನಡದ ಒತ್ತು ಬೀಳುತ್ತದೆ ಎಂದು ಯಾರಿಗಾದರೂ ಹೊಳೆಯುತ್ತದೆಯೇ? ಲ್ಯಾಪ್‌ಟಾಪಿನಲ್ಲಿ ಅದು ಬೇರೆ ಯಾವುದೋ ಕಾರಣಕ್ಕೆ ಬಂದು ಕೂತಿತ್ತು. ಕಂಟೈನರಿನಲ್ಲಿ ಇರಲಿಲ್ಲ. ‘ಆಪ್ಟ್ ಇನ್‌ಸ್ಟಾಲ್ ಲಿಬ್‌ಫ್ರಿಬಿಡಿ0’ ಎಂಬ ಒಂದೇ ಸಾಲಿನಿಂದ ಮಲ್ಲಿಕಾರ್ಜುನ ಮತ್ತೆ ಮಲ್ಲಿಕಾರ್ಜುನನಾದ.

ಆ ಒಂದು ಸಾಲನ್ನು ಪಿಪ್ ಯಾಕೆ ನನಗೆ ಹೇಳಲಿಲ್ಲ? ಅಥವಾ ತಾನೇ ಆಪ್ಟ್‌ಗೆ ಯಾಕೆ ಹೇಳಲಿಲ್ಲ? ಈ ಲೇಖನ ಬರೆಯುತ್ತಿರುವುದು ಆ ಪ್ರಶ್ನೆಗಾಗಿ.

ಪ್ರೋಗ್ರಾಮಿಂಗ್ ಮಾಡದ ಓದುಗರಿಗಾಗಿ ಎರಡು ಮಾತು. ಡೆಬಿಯನ್, ಉಬುಂಟುಗಳಂಥ ಲಿನಕ್ಸ್ ವ್ಯವಸ್ಥೆಗಳಲ್ಲಿ ಸಾಫ್ಟ್‌ವೇರ್ ತರಿಸುವ, ತೆಗೆಯುವ, ಲೆಕ್ಕ ಇಡುವ ಮೇಸ್ತ್ರಿಯ ಹೆಸರು ಆಪ್ಟ್. ಯಾವ ಕಡತ ಯಾವ ಪ್ಯಾಕೇಜಿನದು, ಯಾವುದಕ್ಕೆ ಯಾವುದು ಬೇಕು, ಎಲ್ಲವೂ ಅಲ್ಲಿ ದಾಖಲಾಗಿರುತ್ತದೆ. ಪೈಥಾನ್ ಭಾಷೆಗೆ ತನ್ನದೇ ಇನ್ನೊಬ್ಬ ಮೇಸ್ತ್ರಿ, ಪಿಪ್. ಅವನು ಪೈಪಿಐ ಎಂಬ ದೊಡ್ಡ ಸಂತೆಯಿಂದ ಮಾಡ್ಯೂಲ್ ತರುತ್ತಾನೆ, ತನ್ನದೇ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಯಂತ್ರ ಒಂದೇ, ಡಿಸ್ಕ್ ಒಂದೇ, ಲೆಕ್ಕದ ಪುಸ್ತಕ ಮಾತ್ರ ಎರಡು. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಓದುವುದಿಲ್ಲ.

ಇದರ ಫಲವನ್ನು ನಾನು ಮೊದಲೂ ಉಂಡಿದ್ದೇನೆ, ತಪ್ಪು ನನ್ನದೇ ಆಗಿತ್ತು. ಕೆಲವು ವರ್ಷಗಳ ಹಿಂದೆ ಹಿಂಜವಡಿಯ ಸಣ್ಣ ಕಂಪನಿಯೊಂದರಲ್ಲಿದ್ದಾಗ ಸರ್ವರಿನಲ್ಲಿ ‘ಸುಡೋ ಪಿಪ್ ಇನ್‌ಸ್ಟಾಲ್’ ಎಂದು ಒಂದು ಮಾಡ್ಯೂಲ್ ಹಾಕಿದೆ. ಅದರ ಬೆನ್ನಿಗೆ ಗೂಢಲಿಪಿಯ ಲೈಬ್ರರಿಯೊಂದರ ಹೊಸ ಆವೃತ್ತಿಯೂ ಬಂತು. ಡೆಬಿಯನ್ ಕುಟುಂಬದಲ್ಲಿ ಪಿಪ್ ತನ್ನ ಸಾಮಾನನ್ನು ‘ಯುಎಸ್‌ಆರ್ ಲೋಕಲ್’ ಎಂಬ ಕಡೆ ಇಡುತ್ತದೆ, ಆಪ್ಟ್ ತನ್ನದನ್ನು ‘ಯುಎಸ್‌ಆರ್ ಲಿಬ್’ನಲ್ಲಿ. ಪೈಥಾನ್ ಹುಡುಕುವಾಗ ಮೊದಲು ಕಣ್ಣಿಗೆ ಬೀಳುವುದು ಪಿಪ್ ಇಟ್ಟದ್ದು. ಹೀಗೆ ಆಪ್ಟ್ ತಂದಿದ್ದ ಹಳೆಯ ಮಾಡ್ಯೂಲ್ ಒಂದು, ಪಿಪ್ ತಂದ ಹೊಸ ಲೈಬ್ರರಿಯ ಜೊತೆ ಸಂಸಾರ ಮಾಡಬೇಕಾಯಿತು. ಹೊಂದಲಿಲ್ಲ. ವೆಬ್‌ಸೈಟಿನ ಪ್ರಮಾಣಪತ್ರವನ್ನು ತಾನಾಗಿ ನವೀಕರಿಸುತ್ತಿದ್ದ ಪುಟ್ಟ ಪೈಥಾನ್ ಪ್ರೋಗ್ರಾಮ್ ಅಂದೇ ಸತ್ತಿತು. ಆ ಪ್ರಮಾಣಪತ್ರಕ್ಕೆ 90 ದಿನದ ಆಯುಷ್ಯ. ಹಾಗಾಗಿ ಸತ್ತ ಸುದ್ದಿ ಗೊತ್ತಾಗಿದ್ದು ವಾರಗಟ್ಟಲೆ ಆದ ಮೇಲೆ, ಒಂದು ಭಾನುವಾರ, ಗ್ರಾಹಕರ ಬೈಗುಳದ ಮೂಲಕ. ಆಪ್ಟ್‌ನ ಕಡತದಲ್ಲಿ ಎಲ್ಲವೂ ಸುಖವಾಗಿತ್ತು. ಪಿಪ್‌ನ ಕಡತದಲ್ಲೂ ಎಲ್ಲವೂ ಸುಖವಾಗಿತ್ತು.

ಇಂಥ ಕಥೆಗಳು ಲೋಕದ ತುಂಬ ಆಗಿ, ಕೊನೆಗೆ ಪೈಥಾನ್ ಸಮುದಾಯ ಒಂದು ನಿರ್ಧಾರಕ್ಕೆ ಬಂತು. ಅದರ ಹೆಸರು ಪೆಪ್ 668. ಮಂಡನೆಯಾದದ್ದು 2021ರಲ್ಲಿ. ಸಿಸ್ಟಂನ ಪೈಥಾನ್ ಇರುವ ಕಡೆ ಒಂದು ಗುರುತಿನ ಕಡತ ಇಟ್ಟರೆ ಸಾಕು, ‘ಈ ಮನೆ ಬೇರೆಯವರ ಉಸ್ತುವಾರಿಯಲ್ಲಿದೆ’ ಎಂದು ಪಿಪ್ ಹಿಂದೆ ಸರಿಯುತ್ತದೆ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿ ಈ ಗೋಡೆ ಎದ್ದು ನಿಂತಿತು. ಅಂದಿನಿಂದ ಹೊಸ ವಿದ್ಯಾರ್ಥಿ ಮೊದಲ ಸಲ ‘ಪಿಪ್ ಇನ್‌ಸ್ಟಾಲ್’ ಎಂದು ಒತ್ತಿದರೆ ಕೆಂಪಕ್ಷರದಲ್ಲಿ ದಬಾಯಿಸಿಕೊಳ್ಳುತ್ತಾನೆ.

ಗೋಡೆ ತಪ್ಪೆಂದು ನಾನು ಹೇಳುವುದಿಲ್ಲ. ಅದು ಅಂದು ಇದ್ದಿದ್ದರೆ ನನ್ನ ಭಾನುವಾರ ಉಳಿಯುತ್ತಿತ್ತು. ನನ್ನ ತಕರಾರು ಇರುವುದು ಗೋಡೆ ಕಟ್ಟಿದ್ದನ್ನೇ ರಾಜಿ ಎಂದು ಕರೆಯುವುದರ ಬಗ್ಗೆ. ಅಣ್ಣತಮ್ಮಂದಿರು ಜಗಳವಾಡಿ ನಡುಮನೆಗೆ ಗೋಡೆ ಎಬ್ಬಿಸಿದರೆ ಅದಕ್ಕೆ ನಮ್ಮ ಕಡೆ ಪಾಲಾದರು ಎನ್ನುತ್ತಾರೆ, ಒಂದಾದರು ಎನ್ನುವುದಿಲ್ಲ.

ಆ ದಬಾಯಿಸುವ ಸಂದೇಶವನ್ನೇ ಓದಿ ನೋಡಿ. ಡೆಬಿಯನ್‌ನಲ್ಲಿ ಅದು ಮೊದಲು ಕೊಡುವ ಸಲಹೆ, ‘ಆಪ್ಟ್ ಇನ್‌ಸ್ಟಾಲ್ ಪೈಥಾನ್3-ಎಕ್ಸ್‌ವೈಜ಼ಡ್ ಪ್ರಯತ್ನಿಸಿ’ ಎಂಬುದು. ‘ಎಕ್ಸ್‌ವೈಜ಼ಡ್ ಅಂದರೆ ನೀವು ಹಾಕಲು ಹೊರಟ ಪ್ಯಾಕೇಜಿನ ಹೆಸರು’ ಎಂಬ ವಿವರಣೆ ಬೇರೆ. ನಾನು ಯಾವ ಪ್ಯಾಕೇಜ್ ಕೇಳಿದೆ ಎಂಬುದು ಪಿಪ್‌ಗೆ ಗೊತ್ತು, ಈಗಷ್ಟೇ ಹೇಳಿದ್ದೇನೆ. ಅದು ತನ್ನ ಬಳಿ ಇದೆಯೋ ಇಲ್ಲವೋ ಎಂಬುದು ಆಪ್ಟ್‌ಗೆ ಗೊತ್ತು. ಇಬ್ಬರೂ ಒಂದೇ ಯಂತ್ರದಲ್ಲಿದ್ದಾರೆ. ಆದರೂ ಉತ್ತರ ಎಕ್ಸ್‌ವೈಜ಼ಡ್! ಸರಕಾರಿ ಕಚೇರಿಯಲ್ಲಿ ‘ಆ ಟೇಬಲ್ಲಿಗೆ ಹೋಗಿ ಕೇಳಿ’ ಎನ್ನುವ ಗುಮಾಸ್ತನಿಗೂ ಇದಕ್ಕೂ ಏನು ವ್ಯತ್ಯಾಸ? ಹೆಸರನ್ನು ನೀವೇ ತುಂಬಿಕೊಂಡರೂ ಕೆಲಸ ಆಗುವ ಖಾತ್ರಿಯಿಲ್ಲ. ಪೈಪಿಐಯಲ್ಲಿ ‘ಪೈಯಾಮಲ್’ ಆಗಿರುವುದು ಡೆಬಿಯನ್‌ನಲ್ಲಿ ‘ಪೈಥಾನ್3-ಯಾಮಲ್’. ಅಲ್ಲಿ ‘ಬ್ಯೂಟಿಫುಲ್‌ಸೂಪ್4’, ಇಲ್ಲಿ ‘ಪೈಥಾನ್3-ಬಿಎಸ್4’. ಈ ನಿಘಂಟನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ತಲೆಯಲ್ಲಿ ಇಟ್ಟುಕೊಳ್ಳಬೇಕಂತೆ.

ಸಂದೇಶದ ಕೊನೆಯಲ್ಲಿ ಇನ್ನೊಂದು ಬಾಗಿಲಿದೆ, ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’ ಎಂಬ ಆಯ್ಕೆ. ಸಿಸ್ಟಂ ಮುರಿದರೂ ಪರವಾಗಿಲ್ಲ, ಹಾಕು ಎಂದರ್ಥ. ಹೆದರಿಸಲೆಂದೇ ಇಟ್ಟ ಹೆಸರು. ಆದರೆ ನಾಳೆ ಬೆಳಿಗ್ಗೆ ಪ್ರಾಜೆಕ್ಟ್ ಒಪ್ಪಿಸಬೇಕಾದ ಹುಡುಗ ಹೆದರುತ್ತಾನೆಯೇ? ಯಾರೋ ಹೇಳಿಕೊಟ್ಟ ಆ ಸಾಲನ್ನು ಅಂಟಿಸಿ ಮುಂದೆ ಹೋಗುತ್ತಾನೆ. ಗೋಡೆಯ ಪಕ್ಕದಲ್ಲೇ ಕಿಂಡಿ ಕೊರೆದು ‘ಇಲ್ಲಿ ತೂರಬೇಡಿ’ ಎಂದು ಬೋರ್ಡು ಹಾಕಿದಂತೆ.

‘ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿಕೊಳ್ಳಪ್ಪಾ, ಮುಗೀತು’ ಎನ್ನುವವರು ಬಹಳ. ನಮ್ಮ ಹಿರಿಯ ಸಹೋದ್ಯೋಗಿಗಳಿಗೆ ಇದು ಮಂತ್ರ. ಪ್ರತಿ ಪ್ರಾಜೆಕ್ಟಿಗೂ ಪ್ರತ್ಯೇಕ ಕೋಣೆ, ಪ್ರತ್ಯೇಕ ಒಲೆ. ನಾನೂ ದಿನಾ ಅದನ್ನೇ ಮಾಡುತ್ತೇನೆ, ಅದು ಒಳ್ಳೆಯ ಅಭ್ಯಾಸವೇ. ಆದರೆ ಅದು ನನ್ನ ಪ್ರಶ್ನೆಗೆ ಉತ್ತರವಲ್ಲ. ನನ್ನ ಪ್ರಮಾಣಪತ್ರದ ಪ್ರೋಗ್ರಾಮು ಪ್ರತ್ಯೇಕ ಕೋಣೆಯಲ್ಲೇ ಇತ್ತು. ಕಂಟೈನರೆಂದರೆ ಕೋಣೆಯಲ್ಲ, ಪ್ರತ್ಯೇಕ ಮನೆಯೇ. ಫ್ರಿಬಿಡಿ ಇಲ್ಲದ ಮನೆ. ಯಾವ ಕಂಟೈನರಿನ ಅಡುಗೆಪಟ್ಟಿ ತೆಗೆದು ನೋಡಿದರೂ ಅದೇ ಎರಡು ಸಾಲು ಸಿಗುತ್ತವೆ: ಮೇಲೆ ಆಪ್ಟ್, ಕೆಳಗೆ ಪಿಪ್. ಅವೆರಡರ ನಡುವಿನ ಸಂಬಂಧ ಗೊತ್ತಿರುವುದು ಅದನ್ನು ಕೈಯಾರೆ ಬರೆದವನಿಗೆ ಮಾತ್ರ. ಅವನು ಕೆಲಸ ಬಿಟ್ಟು ಹೋದ ದಿನ ಆ ಜ್ಞಾನವೂ ಹೋಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಭದ್ರತೆಯ ವಿಷಯ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ‘ಹಾರ್ಟ್‌ಬ್ಲೀಡ್’ ದೋಷ ಹೊರಬಿತ್ತು. ಆಪ್ಟ್ ತಂದ ಲೈಬ್ರರಿ ಯಂತ್ರದಲ್ಲಿ ಒಂದೇ ಕಡೆ ಇರುತ್ತದೆ. ಅದನ್ನು ಬದಲಿಸಿ ಸೇವೆಗಳನ್ನು ಮತ್ತೆ ಚಾಲೂ ಮಾಡಿದರೆ, ಅದನ್ನು ಹಂಚಿಕೊಂಡ ಎಲ್ಲ ಪ್ರೋಗ್ರಾಮುಗಳಿಗೂ ಮದ್ದು ಸಿಕ್ಕಂತೆ. ಪಿಪ್ ತರುವ ಸಿದ್ಧ ಪೊಟ್ಟಣಗಳ ರೀತಿ ಬೇರೆ. ಎಲ್ಲ ಲಿನಕ್ಸ್‌ನಲ್ಲೂ ಓಡಬೇಕೆಂದು ಅವು ಬೇಕಾದ ಲೈಬ್ರರಿಯ ಪ್ರತಿಯನ್ನು ತಮ್ಮ ಹೊಟ್ಟೆಯಲ್ಲೇ ತರುತ್ತವೆ. ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಬಳಸುವ ‘ಸೈಕೋಪಿಜಿ2-ಬೈನರಿ’ ಹಾಗೆಯೇ ಓಪನ್‌ಎಸ್‌ಎಸ್‌ಎಲ್‌ನ ಪ್ರತಿಯೊಂದನ್ನು ಹೊತ್ತು ತರುತ್ತದೆ. ‘ಇದು ಕಲಿಕೆಗೆ, ಪರೀಕ್ಷೆಗೆ ಸರಿ, ನಿಜವಾದ ಬಳಕೆಗೆ ಮೂಲದಿಂದ ಕಟ್ಟಿಕೊಳ್ಳಿ’ ಎಂದು ಅದನ್ನು ಮಾಡಿದವರೇ ಬರೆದಿಟ್ಟಿದ್ದಾರೆ. ಎಷ್ಟು ಜನ ಓದುತ್ತಾರೆ? ಆಪ್ಟ್ ಭದ್ರತಾ ನವೀಕರಣ ತಂದ ದಿನ ಈ ಹೊಟ್ಟೆಯೊಳಗಿನ ಪ್ರತಿಗಳಿಗೆ ಯಾವ ಮದ್ದೂ ಬೀಳುವುದಿಲ್ಲ. ಅವು ಎಷ್ಟಿವೆ, ಎಲ್ಲಿವೆ ಎಂಬುದೇ ಆಪ್ಟ್‌ಗೆ ಗೊತ್ತಿಲ್ಲ.

ಪರವೂರಲ್ಲಿ ಬಾಡಿಗೆಗೆ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಸೊಸೈಟಿಯ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿಲ್ಲದಿದ್ದರೆ ನಾಳೆ ಟ್ಯಾಂಕ್ ತೊಳೆಯುತ್ತಾರೆ, ನೀರು ಬರುವುದಿಲ್ಲ ಎಂಬ ಸೂಚನೆ ನಿಮಗೆ ಬರುವುದಿಲ್ಲ. ನೀವು ಅಲ್ಲೇ ಇದ್ದೀರಿ, ಬಾಡಿಗೆಯನ್ನೂ ಕಟ್ಟುತ್ತೀರಿ, ಆದರೆ ಪಟ್ಟಿಯಲ್ಲಿಲ್ಲ. ಪಿಪ್ ತಂದ ಮಾಡ್ಯೂಲುಗಳ ಪಾಡೂ ಅದೇ.

ಎರಡೂ ಕಡೆಯವರ ವಾದ ನನಗೆ ಗೊತ್ತು. ಡೆಬಿಯನ್ ಕಡೆಯವರು ಹೇಳುತ್ತಾರೆ: ಪೈಪಿಐಗೆ ಯಾರು ಬೇಕಾದರೂ ಏನು ಬೇಕಾದರೂ ಏರಿಸಬಹುದು, ಅದನ್ನು ಒಳಗೆ ಬಿಟ್ಟುಕೊಳ್ಳುವುದು ಹೇಗೆ? ಸುಳ್ಳಲ್ಲ. 2024ರ ಮಾರ್ಚ್‌ನಲ್ಲಿ ದುಷ್ಟ ಪ್ಯಾಕೇಜುಗಳ ಹಾವಳಿ ತಾಳಲಾರದೆ ಪೈಪಿಐ ಹೊಸ ಖಾತೆ ತೆರೆಯುವುದನ್ನೇ ಕೆಲಕಾಲ ನಿಲ್ಲಿಸಿತ್ತು. ಅದೇ ತಿಂಗಳು ‘ಎಕ್ಸ್‌ಜ಼ಡ್’ ಎಂಬ ಸಂಕೋಚನ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಹುದುಗಿಸಿದ್ದ ಕಳ್ಳಬಾಗಿಲು ಪತ್ತೆಯಾಯಿತು. ಡೆಬಿಯನ್‌ನ ಪರೀಕ್ಷಾ ಶಾಖೆಗಳ ತನಕ ಅದು ಬಂದಿತ್ತು, ಸ್ಥಿರ ಆವೃತ್ತಿಗೆ ಮುಟ್ಟಿರಲಿಲ್ಲ. ನಿಧಾನವೂ ಒಂದು ಕಾವಲು.

ಪೈಥಾನ್ ಕಡೆಯವರು ಹೇಳುತ್ತಾರೆ: ಡೆಬಿಯನ್ ಸುಮಾರು ಎರಡು ವರ್ಷಕ್ಕೊಮ್ಮೆ ಸ್ಥಿರ ಆವೃತ್ತಿ ತರುತ್ತದೆ, ಅಷ್ಟು ದಿನ ಹಳೆಯ ಮಾಡ್ಯೂಲಿನಲ್ಲೇ ಏಗುವುದು ಹೇಗೆ? ಇದೂ ಸುಳ್ಳಲ್ಲ. ಡೆಬಿಯನ್ 12ರಲ್ಲಿ ಎಲ್ಲ ಭಾಷೆ, ಎಲ್ಲ ಬಗೆಯ ಪ್ಯಾಕೇಜುಗಳೂ ಸೇರಿ 64 ಸಾವಿರ ಚಿಲ್ಲರೆ. ಪೈಪಿಐ ಒಂದರಲ್ಲೇ ಐದು ಲಕ್ಷಕ್ಕೂ ಹೆಚ್ಚು ಪ್ರಾಜೆಕ್ಟುಗಳು. ಅಷ್ಟನ್ನೂ ಡೆಬಿಯನ್‌ನ ಸ್ವಯಂಸೇವಕರು ಕೈಯಾರೆ ಕಟ್ಟಲಿ ಎನ್ನುವುದು ಅನ್ಯಾಯ.

ಆದ್ದರಿಂದ ಇಬ್ಬರನ್ನೂ ಒಂದೇ ಮಾಡಿ ಎಂದು ನಾನು ಕೇಳುತ್ತಿಲ್ಲ. ಮಾತಾಡಿಸಿ ಎನ್ನುತ್ತಿದ್ದೇನೆ. ನನ್ನ ಬೇಡಿಕೆ ಮೂರೇ. ಒಂದು, ಪೈಥಾನ್ ಮಾಡ್ಯೂಲು ತನಗೆ ಬೇಕಾದ ಸಿಸ್ಟಂ ಲೈಬ್ರರಿಗಳ ಹೆಸರನ್ನು ಯಂತ್ರ ಓದುವಂತೆ ಬರೆದಿಡಬೇಕು. ಎರಡು, ಪಿಪ್ ಸಂತೆಗೆ ಓಡುವ ಮೊದಲು ಮನೆಯ ಮೇಸ್ತ್ರಿಯನ್ನು ಕೇಳಬೇಕು: ಇದು ನಿನ್ನ ಬಳಿ ಇದೆಯೇ, ನನಗೆ ಬೇಕಾದ ಆವೃತ್ತಿಯೇ? ಇದ್ದರೆ, ಬಳಕೆದಾರ ಒಪ್ಪಿದರೆ, ಅಲ್ಲಿಂದಲೇ ತರಿಸಬೇಕು. ಮೂರು, ಹೊರಗಿನಿಂದ ತಂದದ್ದು ಆಪ್ಟ್‌ನ ಕಣ್ಣಿಗೆ ಕಾಣುವಂತೆ ದಾಖಲಾಗಬೇಕು. ಪಿಪ್ ಈಗಲೂ ತಾನಿಟ್ಟ ಪ್ರತಿ ಕಡತದ ಪಟ್ಟಿಯನ್ನೂ ತಾನೇ ತಂದದ್ದೆಂಬ ಗುರುತನ್ನೂ ಪ್ರತಿ ಮಾಡ್ಯೂಲಿನ ಜೊತೆ ಬರೆದಿಡುತ್ತದೆ. ಓದುವವರಿಲ್ಲ, ಅಷ್ಟೇ.

‘ಆಗದ ಮಾತು’ ಎನ್ನುವವರು ದಯವಿಟ್ಟು ಪಕ್ಕದ ಓಣಿಗೆ ಬಂದು ನೋಡಿ. ಪರ್ಲ್ ಭಾಷೆಯ ಸಂತೆ ಸೀಪ್ಯಾನ್ 1995ರದ್ದು. ಪರ್ಲ್‌ನಲ್ಲಿ ಭಾಷೆಯ ಜೊತೆ ಬಂದದ್ದಕ್ಕೆ, ವಿತರಕರು ಕೊಟ್ಟದ್ದಕ್ಕೆ, ಬಳಕೆದಾರ ಹಾಕಿಕೊಂಡದ್ದಕ್ಕೆ ಮೂರು ಪ್ರತ್ಯೇಕ ಜಾಗಗಳಿವೆ. ಸೀಪ್ಯಾನ್‌ನ ಮಾಡ್ಯೂಲನ್ನು ಡೆಬಿಯನ್ ಪ್ಯಾಕೇಜ್ ಮಾಡಿಕೊಡುವ ‘ಡಿಎಚ್-ಮೇಕ್-ಪರ್ಲ್’ ಎಂಬ ಸಲಕರಣೆಯೂ ಇದೆ. ಅಂದರೆ ಹೊರಗಿನಿಂದ ತಂದದ್ದನ್ನು ಮನೆಯ ಪುಸ್ತಕಕ್ಕೆ ಏರಿಸುವ ದಾರಿ ಅಲ್ಲಿ ಮೊದಲಿನಿಂದ ಇದೆ.

ಇನ್ನೂ ಹತ್ತಿರದ ಸಾಕ್ಷಿ ಸಂಖ್ಯಾಶಾಸ್ತ್ರದವರ ಆರ್ ಭಾಷೆ. ಇನ್ಯಾಕಿ ಉಕಾರ್ ಬರೆದ ‘ಬಿಎಸ್‌ಪಿಎಂ’ ಎಂಬ ಪ್ಯಾಕೇಜನ್ನು ಆರ್‌ನಲ್ಲಿ ಚಾಲೂ ಮಾಡಿದರೆ, ನೀವು ಎಂದಿನಂತೆ ಆರ್‌ನ ಒಳಗೇ ಕೂತು ಇನ್‌ಸ್ಟಾಲ್ ಎನ್ನುತ್ತೀರಿ. ಅದು ಹಿಂದಿನಿಂದ ಆಪ್ಟ್‌ಗೆ ಕೂಗಿ ಹೇಳುತ್ತದೆ. ಅಲ್ಲಿದ್ದರೆ ಅಲ್ಲಿಂದ ಬರುತ್ತದೆ, ಇಲ್ಲದಿದ್ದರೆ ಹಳೆಯ ದಾರಿ. ಡರ್ಕ್ ಎಡ್ಡೆಲ್‌ಬ್ಯುಟೆಲ್ ಅವರ ‘ಆರ್2ಯು’ ಯೋಜನೆ ಆರ್‌ನ ಸಂತೆಯಾದ ಕ್ರ್ಯಾನ್‌ನ ಸರಕನ್ನೆಲ್ಲ ಉಬುಂಟು ಪ್ಯಾಕೇಜುಗಳಾಗಿ ಕಟ್ಟಿ ಇಟ್ಟಿದೆ. ನಕ್ಷೆ ಬಿಡಿಸುವ ಮಾಡ್ಯೂಲು ಕೇಳಿದರೆ ಅದಕ್ಕೆ ಬೇಕಾದ ಸಿಸ್ಟಂ ಲೈಬ್ರರಿಗಳೂ ಬೆನ್ನಿಗೇ ಬರುತ್ತವೆ. ಎರಡು ಖಾತೆ ಇಲ್ಲ, ಒಂದೇ.

ನ್ಯಾಯಕ್ಕೆ ಇನ್ನೊಂದು ಮಾತನ್ನೂ ಹೇಳಬೇಕು. ಕ್ರ್ಯಾನ್‌ನಲ್ಲಿ ಕಟ್ಟುಪಾಡು ಹೆಚ್ಚು. ಹೊಸ ಆವೃತ್ತಿ ಬಂದರೆ ಅದನ್ನು ನೆಚ್ಚಿಕೊಂಡ ಬೇರೆ ಪ್ಯಾಕೇಜುಗಳು ಮುರಿಯುತ್ತವೆಯೇ ಎಂದು ಪರೀಕ್ಷಿಸುತ್ತಾರೆ. ಪೈಪಿಐಯಲ್ಲಿ ಅಂಥ ಶಿಸ್ತಿಲ್ಲ. ಒಬ್ಬನಿಗೆ ಒಂದು ಆವೃತ್ತಿ, ಇನ್ನೊಬ್ಬನಿಗೆ ಇನ್ನೊಂದು. ಹಾಗಾಗಿ ಪೈಥಾನ್‌ನಲ್ಲಿ ಎಲ್ಲವೂ ಆಪ್ಟ್‌ನಿಂದ ಬರುವುದು ಸಾಧ್ಯವಿಲ್ಲ, ಪ್ರತ್ಯೇಕ ಕೋಣೆಗಳು ಬೇಕೇ ಬೇಕು. ಒಪ್ಪಿದೆ. ಆದರೆ ಇದು ನನ್ನ ಎರಡನೆಯ ಬೇಡಿಕೆಯನ್ನು ಕಷ್ಟವಾಗಿಸುತ್ತದೆ ಅಷ್ಟೇ. ಫ್ರಿಬಿಡಿ ಬೇಕು ಎಂದು ಬರೆದಿಡಲು ಯಾವ ಆವೃತ್ತಿಯ ಜಗಳ ಅಡ್ಡ ಬರುತ್ತದೆ? 2023ರ ಆಗಸ್ಟ್‌ನಲ್ಲಿ ಪೆಪ್ 725 ಎಂಬ ಕರಡು ಸರಿಯಾಗಿ ಇದನ್ನೇ ಮುಂದಿಟ್ಟಿತು: ಪೈಥಾನ್ ಅಲ್ಲದ ಅವಲಂಬನೆಗಳನ್ನೂ ಮಾಡ್ಯೂಲಿನ ವಿವರಪಟ್ಟಿಯಲ್ಲೇ ಬರೆಯುವ ಕ್ರಮ. ಗೋಡೆ ಕಟ್ಟಲು ತೋರಿಸಿದ ಉತ್ಸಾಹವನ್ನು ನಾವು ಈ ಬಾಗಿಲಿಗೂ ತೋರಿಸಬೇಕು.

ಇದರ ಬೆಲೆ ಕಟ್ಟುತ್ತಿರುವವರು ಯಾರು? ದೊಡ್ಡ ಕಂಪನಿಯಲ್ಲಿ ಇದಕ್ಕೆಂದೇ ಒಂದು ತಂಡ ಇರುತ್ತದೆ, ಒಳಗಿನದೇ ಸಂತೆ ಇರುತ್ತದೆ. ಕಷ್ಟ ಇರುವುದು ಕಾಲೇಜು ಲ್ಯಾಬಿನಲ್ಲಿ ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಕೂತ ಹುಡುಗಿಗೆ, ಪಿಜಿ ಕೋಣೆಯಲ್ಲಿ ಮೊಬೈಲ್ ಡೇಟಾ ಹಂಚಿಕೊಂಡು ಅದೇ ಮಾಡ್ಯೂಲನ್ನು ನಾಲ್ಕನೆಯ ಕೋಣೆಗೆ ನಾಲ್ಕನೆಯ ಪ್ರತಿಯಾಗಿ ತುಂಬಿಸುವ ಹುಡುಗನಿಗೆ. ‘ಇಷ್ಟೂ ಗೊತ್ತಿಲ್ಲವಾ’ ಎಂಬ ಮಾತು ಕೇಳಿಸಿಕೊಳ್ಳುವವರೂ ಇವರೇ. ನನ್ನನ್ನೇ ನೋಡಿ, ಹತ್ತು ವರ್ಷ ಇದೇ ಕೆಲಸ ಮಾಡಿದವನಿಗೆ ಮೂರು ಗಂಟೆ ಬೇಕಾಯಿತು. ಹೊಸಬನಾಗಿದ್ದರೆ ‘ಕನ್ನಡ ಇದರಲ್ಲಿ ಸರಿಯಾಗಿ ಬರುವುದಿಲ್ಲ’ ಎಂದುಕೊಂಡು ಹೆಸರುಗಳನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸುತ್ತಿದ್ದ. ಹೀಗೆ ಸುಮ್ಮನೆ ಕೈಬಿಟ್ಟ ಕನ್ನಡದ ಲೆಕ್ಕವನ್ನು ಯಾರ ಪುಸ್ತಕದಲ್ಲೂ ಬರೆದಿರುವುದಿಲ್ಲ.

ನೀವು ಮಾಡ್ಯೂಲು ಬರೆಯುವವರಾದರೆ, ಅದಕ್ಕೆ ಬೇಕಾದ ಸಿಸ್ಟಂ ಲೈಬ್ರರಿಗಳ ಹೆಸರನ್ನು ವಿವರಣೆಯ ಮೊದಲ ಪುಟದಲ್ಲೇ ಬರೆಯಿರಿ. ಅದು ಸಿಗದಿದ್ದಾಗ ಸುಮ್ಮನಿರದೆ ಗಟ್ಟಿಯಾಗಿ ಕೂಗುವಂತೆ ಮಾಡಿ. ನೀವು ತಿಳಿದವರಾದರೆ, ಕೇಳಿದ ಹುಡುಗನಿಗೆ ಸಿಸ್ಟಂ ಮುರಿಯುವ ಸಾಲನ್ನು ಅಂಟಿಸಿ ಕೈತೊಳೆದುಕೊಳ್ಳಬೇಡಿ. ಪೈಥಾನ್, ಡೆಬಿಯನ್ ಚರ್ಚೆಗಳಲ್ಲಿ ಬಾಯಿ ಹಾಕುವ ಶಕ್ತಿ ಇದ್ದವರು ಪೆಪ್ 725ರಂಥ ಕರಡಿನ ಪರವಾಗಿ ಅಲ್ಲಿ ಮಾತಾಡಿ. ಒತ್ತಕ್ಷರ ಬಿದ್ದು ಹೋಗುವ ಭಾಷೆಯವರು ಹೇಳದೆ ಹೋದರೆ, ಆ ನೋವು ಅಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು?

ಪ್ರಮಾಣಪತ್ರಗಳನ್ನು ಮತ್ತೆ ಮಾಡಿ, ಎಲ್ಲ ಹೆಸರನ್ನೂ ಒಂದೊಂದಾಗಿ ಓದಿ ನೋಡಿದೆ. ಎಲ್ಲ ಸರಿಯಿದ್ದವು. ನನ್ನ ಅಡುಗೆಪಟ್ಟಿಯಲ್ಲಿ ಈಗ ಫ್ರಿಬಿಡಿಯ ಸಾಲಿದೆ, ಅದರ ಮೇಲೆ ಕನ್ನಡದಲ್ಲೇ ಒಂದು ಟಿಪ್ಪಣಿ: ‘ಇದನ್ನು ತೆಗೆಯಬೇಡಿ, ತೆಗೆದರೆ ಒತ್ತಕ್ಷರ ಬೀಳುತ್ತದೆ.’ ಮುಂದಿನ ವರ್ಷ ಈ ಕೆಲಸ ಇನ್ಯಾರ ಕೊರಳಿಗೆ ಬೀಳುತ್ತದೋ, ಅವರಿಗಾಗಿ ಬರೆದದ್ದು. ಪಿಪ್ ಹೇಳಬೇಕಾಗಿದ್ದ ಮಾತನ್ನು ಸದ್ಯಕ್ಕೆ ನಾನು ಹೇಳಿದ್ದೇನೆ.